ಹಬ್ಬದ ಗುಳಿಗಿ

ನಾನು ಬಸ್ ಕಂಡಕ್ಟರ್. ಕೂಡ್ಲಿಗಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿ, ಪಾಳಿ ಬದಲಾದರೆ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಹಡಗಲಿ. ಈ ರಸ್ತೆಗಳ ತಗ್ಗುಗಳೆಲ್ಲ ನನ್ನ ಕಣ್ಣಿಗಿಂತ ಚೆನ್ನಾಗಿ ನನ್ನ ಸೊಂಟಕ್ಕೆ ಗೊತ್ತು. ಸೀರೆಯ ಮೇಲೆ ಹಾಕಿಕೊಳ್ಳುವ ಖಾಕಿ ಕೋಟನ್ನು ನಾನು ಮೊಣಕಾಲಿನವರೆಗೆ ಉದ್ದ ಹೊಲಿಸಿಕೊಂಡಿದ್ದೇನೆ. ಡಿಪೋದಲ್ಲಿ ಕೆಲವರು ಅದಕ್ಕೆ ಡಾಕ್ಟರ ಕೋಟು ಎಂದು ಹೆಸರಿಟ್ಟು ನಗುತ್ತಾರೆ. ನಗಲಿ. ಖಾಕಿಯ ಮೇಲೆ ಕಲೆ ಬಿದ್ದರೆ ಎಷ್ಟು ದೂರದಿಂದ ಕಾಣುತ್ತದೆ ಎಂದು ಅವರಿಗೆ ಯಾವತ್ತೂ ಗೊತ್ತಾಗುವ ಪ್ರಸಂಗ ಬರುವುದಿಲ್ಲ.

ನಲವತ್ತು ದಾಟಿದ ಮೇಲೆ ನನ್ನ ಮುಟ್ಟು ದಾರಿ ತಪ್ಪಿತು. ಮೊದಲು ಬಂದು ಹೋಗುತ್ತಿದ್ದದ್ದು, ಈಗ ಬೀಗರ ಮನೆಯ ಹಿರಿಯರ ಹಾಗೆ ಬಂದರೆ ಹೋಗುವ ಮಾತೇ ಎತ್ತುತ್ತಿರಲಿಲ್ಲ. ಮುಗಿಯಿತು ಎಂದು ತಲೆಗೆ ನೀರು ಹಾಕಿಕೊಂಡು ದೇವರ ಮುಂದೆ ದೀಪ ಹಚ್ಚಿದರೆ ಸಂಜೆಯ ಹೊತ್ತಿಗೆ ಮತ್ತೆ ಶುರು. ಕೆಲವು ಸಲ ಸುಳಿವೇ ಇಲ್ಲದೆ ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಒಮ್ಮೆಗೇ ಚಿಗಟೇರಿ ದಾಟುವುದರೊಳಗೆ ನಾನು ಕಂಬಿ ಹಿಡಿದು ನಿಲ್ಲುವ ಸ್ಥಿತಿ ಬರುತ್ತಿತ್ತು. ಬಸ್ಸೋ, ಕಾಲಿಡಲು ಜಾಗವಿಲ್ಲ. ಹೆಂಗಸರಿಗೆ ಪ್ರಯಾಣ ಪುಕ್ಕಟೆ ಆದ ಮೇಲೆ ತವರುಮನೆ, ಸಂತೆ, ದವಾಖಾನೆ, ದೇವರು ಎಲ್ಲವೂ ಹತ್ತಿರವಾಗಿವೆ. ಆಗಲಿ, ಅದು ಒಳ್ಳೆಯದೇ. ಆದರೆ ಪ್ರತಿಯೊಬ್ಬಳಿಗೂ "ಆಧಾರ್ ತೋರ್ಸವ್ವಾ, ಸೊನ್ನಿ ಟಿಕೇಟಾದ್ರೂ ಟಿಕೇಟು ಹರೀಬೇಕು" ಎಂದು ಹೇಳಿ ಹೇಳಿ, ಕಾಲಿನ ಸಂದಿಯಲ್ಲಿ ಏನಾಗುತ್ತಿದೆ ಎಂಬ ಭಯವನ್ನು ಮುಖದಲ್ಲಿ ತೋರಿಸದೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ನುಗ್ಗುವುದಿದೆಯಲ್ಲ, ಅದನ್ನು ಯಾವ ಪಗಾರವೂ ಸರಿದೂಗಿಸಲಾರದು.

ನನ್ನ ಜೊತೆಯ ಡ್ರೈವರ್ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಒಂದು ದಿನವೂ ಏನಾಗಿದೆ ಎಂದು ಕೇಳಿದವರಲ್ಲ. ಕನ್ನಡಿಯಲ್ಲಿ ನಾನು ನಿಂತ ರೀತಿ ನೋಡಿ, ಒಳ್ಳೆಯ ಶೌಚಾಲಯ ಇರುವ ಸ್ಟ್ಯಾಂಡಿನಲ್ಲಿ "ಟೈರ್ ಒಂದೀಟು ನೋಡ್ತೀನಿ" ಎಂದು ಇಳಿಯುತ್ತಿದ್ದರು. ಕೋಲಿನಿಂದ ಟೈರಿಗೆ ಬಡಿಯುತ್ತಾ, ನಾನು ಓಡಿ ಹೋಗಿ ವಾಪಸ್ಸು ಬರುವವರೆಗೂ ಬಸ್ಸಿಗೆ ಸುತ್ತು ಹಾಕುತ್ತಿದ್ದರು. ಜನ ಗೊಣಗುತ್ತಿದ್ದರು. ಆ ವರ್ಷ ನನಗಿಂತ ಮೊದಲು ಸರಿಯಾದ ತಪಾಸಣೆ ಸಿಕ್ಕಿದ್ದು ನಮ್ಮ ಬಸ್ಸಿನ ಟೈರುಗಳಿಗೆ.

ಬಸ್ಸಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಮಾಗಳದಿಂದ ಹೂವಿನ ಪುಟ್ಟಿ ತರುವ ಹೆಂಗಸೊಬ್ಬಳು ಹಡಗಲಿ ಸ್ಟ್ಯಾಂಡಿನಲ್ಲಿ ನನ್ನ ಮುಖ ಹಿಡಿದು ಕೆಳಗಿನ ರೆಪ್ಪೆ ಎಳೆದು ನೋಡಿಯೇಬಿಟ್ಟಳು.

"ಕಂಡಕ್ಟ್ರಮ್ಮಾ, ಮೈಯಾಗ ರಗತನs ಇಲ್ಲಲ್ಲಬೇ. ಹೋಗಾಕ ಹತ್ತೈತೇನು?"

ಹೌದೆಂದು ತಲೆ ಆಡಿಸಿದ್ದೇ ತಪ್ಪಾಯಿತು. ಹಗರಿಬೊಮ್ಮನಹಳ್ಳಿ ಬರುವುದರೊಳಗೆ ಅರ್ಧ ಬಸ್ಸು ನನ್ನ ಕಾಯಿಲೆಯನ್ನು ಹಂಚಿಕೊಂಡಿತ್ತು. ಉಷ್ಣ ಎಂದಳು ಒಬ್ಬಳು. ದಿನವಿಡೀ ಇಂಜಿನ್ನಿನ ಕಾವು ಕುಡಿದರೆ ಉಷ್ಣವಾಗದೆ ಇನ್ನೇನಾಗುತ್ತದೆ, ರಾತ್ರಿ ನೆನೆಸಿದ ಕಾಮಕಸ್ತೂರಿ ಕುಡಿ. ಬಸ್ಸಿನ ಕುಲುಕಿಗೆ ಗರ್ಭಚೀಲ ಸಡಿಲಾಗಿದೆ ಎಂದಳು ಇನ್ನೊಬ್ಬಳು. ಮೂರನೆಯವಳು ಫಾರಂ ಕೋಳಿ ತಿನ್ನುತ್ತೀಯಾ ಎಂದಳು. ನಾನು ತಿನ್ನುವುದಿಲ್ಲ ಎಂದೆ. "ಹಂಗಾರ ತತ್ತಿ?" ಅದೂ ಇಲ್ಲ. ಅವಳು ನಿರಾಶೆಯಿಂದ ಕಿಟಕಿಯ ಕಡೆ ತಿರುಗಿದಳು. ದೃಷ್ಟಿಯಾಗಿದೆ, ಖಾಕಿ ಹಾಕಿದ ಹೆಣ್ಣನ್ನು ಎಲ್ಲರೂ ನೋಡುತ್ತಾರೆ ಎಂದೂ ಒಂದು ಅಭಿಪ್ರಾಯ ಬಂತು. ನಿಲ್ಲುವ ವಯಸ್ಸು, ಹೋಗುವ ಮುಂಚೆ ಹೀಗೇ ಆಡುತ್ತದೆ ಎಂದು ಒಬ್ಬ ಮುದುಕಿ ಸಮಾಧಾನ ಹೇಳಿದಳು.

ಕಾರಣ ಎಷ್ಟೇ ಇರಲಿ, ಮದ್ದು ಮಾತ್ರ ಒಂದೇ ಆಗಿತ್ತು. "ಚೀಲ ತಗಸಿಬಿಡು. ತಾಪತ್ರಯ ಹೋಕ್ಕೈತಿ."

ನಮ್ಮ ಕಡೆ ಅದಕ್ಕೆ ಚೀಲ ಎನ್ನುತ್ತಾರೆ. ರೇಷನ್ ಅಕ್ಕಿಯದೂ ಚೀಲ, ಗೊಬ್ಬರದ್ದೂ ಚೀಲ, ಇದೂ ಚೀಲ. ಮಕ್ಕಳಾದವು, ಚೀಲ ಖಾಲಿಯಾಯಿತು, ಇನ್ನು ಮನೆಯಲ್ಲಿ ಯಾಕೆ ಜಾಗ ಹಿಡಿಯಬೇಕು ಎಂಬ ಧಾಟಿ. ಅವತ್ತು ಬಸ್ಸಿನಲ್ಲಿ ಹಾಗೆ ಹೇಳಿದವರಲ್ಲಿ ಎಷ್ಟೋ ಜನರದ್ದು ಆಗಲೇ ತೆಗೆದಾಗಿತ್ತು. ನಲವತ್ತೂ ಆಗಿರದ ಒಬ್ಬಳಂತೂ ಗುಡಿಗೆ ಹೋಗಿ ಬಂದಷ್ಟು ಹಗುರವಾಗಿ ಹೇಳಿದಳು. ಅವಳು ಇಳಿಯುವಾಗ ಸೊಂಟಕ್ಕೆ ಕೈಕೊಟ್ಟು ಮೆಟ್ಟಿಲಲ್ಲಿ ತಡೆದದ್ದನ್ನು ನೋಡಿದೆ. ನೋಡಿಯೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು.

ಮನೆಯಲ್ಲಿಯೂ ಇದೇ ಮಾತು. ನಮ್ಮದು ಕೊಟ್ಟೂರು. ಗಂಡ ಹಿಟ್ಟಿನ ಗಿರಣಿಯಲ್ಲಿದ್ದಾನೆ, ಒಬ್ಬಳು ಮಗಳು ಕಾಲೇಜಿನಲ್ಲಿದ್ದಾಳೆ, ಅತ್ತೆ ನಮ್ಮ ಜೊತೆಗಿದ್ದಾರೆ. ಗಂಡನ ಮನೆತನಕ್ಕೆ ಕಳಸ ಹೊರುವ ಹಕ್ಕು ಇದೆ. ಬಳಗದಲ್ಲಿ ಯಾರದೇ ಮನೆ ಒಕ್ಕಲಾಗಲಿ, ಮದುವೆಯಾಗಲಿ, ದೇವಿಯನ್ನು ಕೂಡಿಸುವ ಕಾರ್ಯವಾಗಲಿ, ಗಂಗೆಪೂಜೆ ಮಾಡಿ ನೀರು ತರುವ ಕಳಸವನ್ನು ನಮ್ಮ ಮನೆಯ ಹೆಣ್ಣೇ ಹೊರಬೇಕು. ಮುತ್ತೈದೆ ಹೊರಬೇಕು, ಇಲ್ಲವಾದರೆ ಮದುವೆಯಾಗದ ಹುಡುಗಿ. ಬಳಗ ಸಣ್ಣದಲ್ಲ. ಕೂಡ್ಲಿಗಿ ಕಡೆಯಿಂದ ಹಡಗಲಿಯವರೆಗೆ ಚೆಲ್ಲಿಕೊಂಡಿದೆ, ಮತ್ತು ಎಲ್ಲರೂ ಮನೆ ಕಟ್ಟುತ್ತಲೇ ಇರುತ್ತಾರೆ.

ಮಾವ ಇರುವವರೆಗೆ ಅತ್ತೆ ಹೊತ್ತರು. ಮಾವ ಹೋದ ಮೇಲೆ ಅದು ನನ್ನ ತಲೆಗೆ ಬಂತು. "ನಾನು ಒಂದು ಸಲಾನೂ ತಪ್ಪಿಸಿಲ್ಲ" ಎಂಬುದು ಅತ್ತೆಯ ಹೆಮ್ಮೆ. ತಪ್ಪಿಸುವ ಪ್ರಶ್ನೆಯೇ ಇರಲಿಲ್ಲ, ಮೂರು ಹೆತ್ತ ಮೇಲೆ ಚಿಕ್ಕ ವಯಸ್ಸಿನಲ್ಲೇ ಅವರ ಚೀಲ ತೆಗೆದಿದ್ದರು. ನನ್ನದು ಹಾಗಲ್ಲವಲ್ಲ. ಹೀಗಾಗಿ ಕಾರ್ಯದ ದಿನ ಗೊತ್ತಾದ ಕೂಡಲೇ ಕಾಯಿ, ಎಲೆ ಅಡಿಕೆ, ಕರ್ಪೂರ, ಊದಿನಕಡ್ಡಿಯ ಜೊತೆಗೆ ಹಬ್ಬದ ಗುಳಿಗಿಯೂ ಬರುತ್ತಿತ್ತು. ಮುಟ್ಟನ್ನು ಮುಂದಕ್ಕೆ ತಳ್ಳುವ ಗುಳಿಗೆ ಅದು. ಔಷಧಿ ಅಂಗಡಿಯಲ್ಲಿ ಹೆಸರು ಹೇಳಬೇಕಾಗಿಲ್ಲ, "ಹಬ್ಬ ಐತ್ರಿ" ಎಂದರೆ ಸಾಕು, ಚೀಟಿ ಕೇಳದೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮನೆಗೆ ತಂದು ದೇವರ ಜಗುಲಿಯ ಮೇಲೆ ಕುಂಕುಮದ ಭರಣಿಯ ಪಕ್ಕದಲ್ಲಿ ಇಡುವುದು ರೂಢಿ.

ಸುಸ್ತು ಎಂಬ ಮಾತನ್ನು ನಾನು ಮೊದಲೂ ಆಡುತ್ತಿದ್ದೆ. ಆದರೆ ಆ ವರ್ಷದ ಸುಸ್ತು ಬೇರೆ. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕೈ ಅರ್ಧಕ್ಕೇ ಇಳಿಯುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಗಂಡ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದ. ಊರು ಯಾವುದಾದರೇನು. ಅಲ್ಲಿ ಸ್ಕ್ಯಾನ್ ಮಾಡಿ, ಗಡ್ಡೆ ಇದೆ ಎಂದರು. ಯಾವ ಔಷಧಿಯಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು, ಇಲ್ಲ ಎಂದೆ. ಮಕ್ಕಳು ಬೇಕಾ ಎಂದರು, ಬೇಡ ಎಂದೆ. ಹಾಗಾದರೆ ತೆಗೆದುಬಿಡೋಣ ಎಂದರು. ಮೈಯಲ್ಲಿ ರಕ್ತ ಕಡಿಮೆ ಇದೆ, ಮೊದಲು ಅದನ್ನು ಏರಿಸಿಕೊಂಡು ಬನ್ನಿ, ಮುಂದಿನ ತಿಂಗಳು ಆಪರೇಷನ್.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಗಂಡ "ನಿನ್ನಿಷ್ಟ" ಎಂದ. ಅವನು ಕೆಟ್ಟವನಲ್ಲ, ಕಷ್ಟದ ಮಾತುಗಳಲ್ಲೆಲ್ಲ ನನ್ನ ಇಷ್ಟ ಕೇಳುತ್ತಾನೆ ಅಷ್ಟೆ. ನಾನು ಹೂಂ ಎಂದೆ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವಾಯಿತು. ಆಪರೇಷನ್ ಎಂದರೆ ರಜೆ. ಮಲಗಬಹುದು. ಆಮೇಲೆ ಕೋಟು ಎಷ್ಟು ಗಿಡ್ಡವಾದರೂ ಪರವಾಗಿಲ್ಲ.

ಅತ್ತೆಗೆ ಹೇಳಿದಾಗ ಅವರ ಮುಖವೂ ಅರಳಿತು. "ಛಲೋ ಆತು ತಗಾ. ಇನ್ನ ಯಾವ ಕಾರ್ಯಕ್ಕೂ ಅಂಜೋ ಹಂಗಿಲ್ಲ" ಎಂದರು.

ರಕ್ತ ಏರಿಸುವ ಕಬ್ಬಿಣದ ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ ಎಂದು ಹರಪನಹಳ್ಳಿಯಲ್ಲಿ ಬಸ್ಸು ನಿಂತ ಬಿಡುವಿನಲ್ಲಿ ಹೋದೆ. ಗುಳಿಗೆ ಇಸಿದುಕೊಂಡು ಬಂದುಬಿಡುವ ಯೋಚನೆ. ಆದರೆ ಅಲ್ಲಿ ಡಾಕ್ಟರಮ್ಮನಿಗೆ ತೋರಿಸದೆ ಕೊಡುವುದಿಲ್ಲ ಎಂದರು. ಬಾಗಿಲವರೆಗೂ ಬಸುರಿಯರ ಸಾಲು. ಡಾಕ್ಟರಮ್ಮ ನನ್ನ ವಾರಿಗೆಯವರೇ ಇರಬೇಕು. ಬೆಳಗ್ಗೆ ತಂದ ಚಹಾ ಕೆನೆ ಕಟ್ಟಿಕೊಂಡು ಅವರ ಮೇಜಿನ ಮೇಲೆ ಹಾಗೇ ಇತ್ತು. ಅದನ್ನು ನೋಡಿ ನನಗೆ ಆಕೆಯ ಮೇಲೆ ಒಂದು ಬಗೆಯ ಸಲಿಗೆ ಹುಟ್ಟಿತು.

ನರ್ಸಿಂಗ್ ಹೋಮಿನ ಕಾಗದ ನೋಡಿ ಕೇಳತೊಡಗಿದರು. ಯಾವಾಗಿನಿಂದ, ಎಷ್ಟು, ಗಂಟು ಗಂಟಾಗಿ ಹೋಗುತ್ತದೆಯೇ, ಗಂಡನ ಜೊತೆ ಸೇರಿದ ಮೇಲೆ ಹೋಗುತ್ತದೆಯೇ, ಮಕ್ಕಳಾಗದ ಹಾಗೆ ವಂಕಿ ಹಾಕಿಸಿದ್ದೀರಾ, ದಪ್ಪ ಆಗಿದ್ದೀರಾ, ಕೂದಲು ಉದುರುತ್ತದೆಯೇ. ಚೀಲಕ್ಕೂ ಕೂದಲಿಗೂ ಏನು ಸಂಬಂಧವೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಉದುರುತ್ತದೆ ಎಂದೆ.

"ಬೇರೆ ಏನಾದ್ರೂ ಔಷಧಿ ತಗೊಳ್ತೀರೇನಮ್ಮ?"

"ಇಲ್ಲರಿ."

"ಶುಗರು, ಬಿಪಿ, ನೋವಿನ ಮಾತ್ರೆ, ನಾಟಿ ಔಷಧಿ?"

"ಏನೂ ಇಲ್ಲರಿ. ತಲಿನೋವು ಬಂದ್ರೂ ಗುಳಿಗಿ ನುಂಗಾಕಿ ಅಲ್ಲ ನಾನು."

ಇದನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಬರೆದುಕೊಂಡರು. ಶುಕ್ರವಾರ ಬನ್ನಿ, ಗರ್ಭಕೋಶದ ಒಳಪದರದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಅದನ್ನು ನೋಡದೆ ಆಪರೇಷನ್ನಿಗೆ ಹೋಗಬೇಡಿ ಎಂದರು.

"ಶುಕ್ರಾರ ಆಗಂಗಿಲ್ರಿ. ಕಾನಹೊಸಹಳ್ಳಿಯಾಗ ನಮ್ಮೋರ ಮನಿ ಒಕ್ಕಲು ಐತಿ. ಕಳಸ ನಾನs ಹೊರಬೇಕು."

"ಇಷ್ಟು ಹೋಗ್ತಿದೆ ಅಂತೀರಿ. ಅವತ್ತೂ ಆಗಿಬಿಟ್ರೆ ಕಳಸ ಹೆಂಗೆ ಹೊರ್ತೀರಿ?"

"ಅವತ್ತು ಆಗಂಗಿಲ್ಲ ಬಿಡ್ರಿ. ಗುಳಿಗಿ ಐತಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಯಾವ ಗುಳಿಗೆ?"

"ಹಬ್ಬದ ಗುಳಿಗಿ ರೀ."

"ಈಗ ತಾನೇ ಔಷಧಿ ಏನೂ ಇಲ್ಲ ಅಂದ್ರಲ್ಲ?"

"ಅದು ಔಷಧಿ ಅಲ್ಲಲ್ರಿ."

ನಾನು ಸುಳ್ಳು ಹೇಳಿರಲಿಲ್ಲ. ಔಷಧಿ ಎಂದರೆ ರೋಗಕ್ಕೆ ತೆಗೆದುಕೊಳ್ಳುವುದು. ಇದು ಹಬ್ಬಕ್ಕೆ ತೆಗೆದುಕೊಳ್ಳುವುದು. ಮನೆಯಲ್ಲಿ ಔಷಧಿಗಳು ಟ್ರಂಕಿನ ಮೇಲಿನ ಡಬ್ಬಿಯಲ್ಲಿರುತ್ತವೆ, ಇದು ದೇವರ ಜಗುಲಿಯ ಮೇಲಿರುತ್ತದೆ. ಜ್ವರದ ಗುಳಿಗೆಯನ್ನು ಊಟವಾದ ಮೇಲೆ ನುಂಗುತ್ತೇವೆ, ಇದನ್ನು ದೇವರಿಗೆ ಕೈ ಮುಗಿದು ನುಂಗುತ್ತೇವೆ. ನರ್ಸಿಂಗ್ ಹೋಮಿನಲ್ಲಿ ಕೇಳಿದಾಗಲೂ ಇದು ನೆನಪಾಗಿರಲಿಲ್ಲ. ಕರ್ಪೂರ ಉರಿಸುತ್ತೀರಾ ಎಂದು ಕೇಳಿದ್ದರೆ ಬಹುಶಃ ನೆನಪಾಗುತ್ತಿತ್ತೇನೋ.

ಅವರು ನಗಲಿಲ್ಲ, ಬಯ್ಯಲೂ ಇಲ್ಲ. ವರ್ಷಕ್ಕೆ ಎಷ್ಟು ಸಲ ಎಂದು ಕೇಳಿದರು. ಯುಗಾದಿಯಿಂದ ಶುರು ಮಾಡಿದೆ. ಮೈದುನನ ಮನೆ, ಅವನ ಬೀಗರ ಮನೆ, ಶ್ರಾವಣ, ದಸರಾ, ದೀಪಾವಳಿ, ನಡುವೆ ಮದುವೆಗಳು. ಹೇಳುತ್ತಾ ಹೋದ ಹಾಗೆ ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳತೊಡಗಿತು. ಇನ್ನೂ ಒಂದು ಬಾಕಿ ಇತ್ತು. ದಾರಿಯಲ್ಲಿ ಎಲ್ಲೂ ಇಳಿಯಲಾಗದ ದೂರದ ಪಾಳಿ ಬಿದ್ದರೆ ಜಗುಲಿಯ ಮೇಲೆ ಉಳಿದದ್ದನ್ನು ಆಗಲೂ ನುಂಗುತ್ತಿದ್ದೆ. ಅದನ್ನೂ ಹೇಳಿದೆ.

"ಬಸ್ಸಿಗೂ ಹಬ್ಬ ಮಾಡಿದ್ದೀರಿ" ಎಂದರು.

ಹೇಗೆ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದರು. ಹೇಗೆ ಎಂದರೆ ಹೇಗೆ? ನೆನಪಾದ ದಿನ ಶುರು, ಕಳಸ ಇಳಿಸಿದ ದಿನ ಬಂದ್. ಕಾರ್ಯ ಮುಂದಕ್ಕೆ ಹೋದರೆ ಮತ್ತೆ ಶುರು. ಒಂದು ಹೊತ್ತು ಮರೆತರೆ ಮರುಹೊತ್ತು ಎರಡು ನುಂಗಿ ಸರಿ ಮಾಡುವುದು. ಅವರು ಹಣೆಗೆ ಕೈ ಹಚ್ಚಿದರು. ಆಮೇಲೆ, ಹೊರಗೆ ಸಾಲು ಕಾಯುತ್ತಿದ್ದರೂ, ನಿಧಾನಕ್ಕೆ ಹೇಳಿದರು.

"ಗೋಡೆಗೆ ಸುಣ್ಣ ಬಳಿದ ಹಾಗೆ ಒಳಗೆ ಪ್ರತಿ ತಿಂಗಳು ಒಂದು ಪದರ ಕಟ್ಟುತ್ತಮ್ಮ. ಗರ್ಭ ನಿಲ್ಲಲಿಲ್ಲ ಅಂದ್ರೆ ಉದುರುತ್ತೆ, ಅದೇ ಮುಟ್ಟು. ಈ ಮಾತ್ರೆ ಅದನ್ನ ಉದುರದ ಹಾಗೆ ಹಿಡಿದಿಡುತ್ತೆ. ಬಿಟ್ರೆ ಉದುರುತ್ತೆ. ನೀವು ಹಿಡಿಯೋದು ಬಿಡೋದು, ಹಿಡಿಯೋದು ಬಿಡೋದು. ಇಲ್ಲೊಂದು ಹಕ್ಕಳೆ ಅಲ್ಲೊಂದು ಹಕ್ಕಳೆ ಬೀಳ್ತಾನೇ ಇರುತ್ತೆ. ಯಾವಾಗ ಬೀಳ್ಬೇಕು ಅಂತ ಮೈಗೇ ಗೊತ್ತಾಗಲ್ಲ."

"ಹಂಗಾರ ಇದs ಕಾರಣಾನs?"

"ಇದೊಂದೇ ಅಂತ ನಾನು ಹೇಳಲ್ಲ. ಥೈರಾಯ್ಡ್ ಇರಬಹುದು, ಪದರ ದಪ್ಪ ಆಗಿರಬಹುದು, ಗಡ್ಡೆ ಇರಬಹುದು, ನಿಮ್ಮ ವಯಸ್ಸೂ ಇರಬಹುದು. ಅಪರೂಪಕ್ಕೆ ಕ್ಯಾನ್ಸರೂ ಇರುತ್ತೆ, ಅದಕ್ಕೇ ಚೂರು ತೆಗೆದು ನೋಡೋದು. ಬಸಿರಾಗಿ ಜಾರಿದ್ರೂ ಹಿಂಗೇ ಹೋಗುತ್ತೆ, ಅದನ್ನೂ ಇವತ್ತೇ ಪರೀಕ್ಷೆ ಮಾಡ್ತೀವಿ. ನೋಡದೆ ತೆಗೆಯೋದೂ ಬೇಡ, ನೋಡದೆ ಬಿಡೋದೂ ಬೇಡ."

ನನಗೆ ಸಿಟ್ಟು ಬಂತು. ಆಕೆ ಹೇಳಿದ್ದು ಸುಳ್ಳೆಂದಲ್ಲ. ನಾನು ಕಾರಣ ಹುಡುಕಿಕೊಂಡು ಬಂದಿರಲಿಲ್ಲ, ಮುಗಿದರೆ ಸಾಕಾಗಿತ್ತು. ಮುಂದಿನ ತಿಂಗಳು ಮಲಗುತ್ತೇನೆ ಎಂದು ಮನಸ್ಸಿನಲ್ಲಿ ಹಾಸಿಗೆ ಹಾಸಿಕೊಂಡಿದ್ದವಳನ್ನು ಎಬ್ಬಿಸಿ ಕೂರಿಸಿದ ಹಾಗಾಗಿತ್ತು. ಆದರೂ ಆ ಚೂರು ಪರೀಕ್ಷೆಯ ಮಾತು ಕೇಳಿದ ಮೇಲೆ ಎದ್ದು ಹೋಗಲು ಧೈರ್ಯ ಬರಲಿಲ್ಲ. ರಕ್ತ ಕೊಟ್ಟೆ. ಬಸ್ಸಿಗೆ ತಡವಾಯಿತು. ಸ್ಟ್ಯಾಂಡಿನಲ್ಲಿ ಡ್ರೈವರ್ ಟೈರಿಗೆ ಬಡಿಯುತ್ತಾ ನಿಂತಿದ್ದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಗುಳಿಗಿ ನಿಲ್ಲಿಸಬೇಕಂತೆ, ಶುಕ್ರವಾರ ದವಾಖಾನೆಗೆ ಹೋಗಬೇಕು, ಕಳಸಕ್ಕೆ ನಾನು ಬರುವುದಿಲ್ಲ.

"ಗುಳಿಗಿಯಿಂದ ಹಿಂಗಾಕೈತೇನು? ಊರಾಗ ಎಲ್ಲಾರೂ ತಗೊಂತಾರ" ಎಂದರು ಅತ್ತೆ.

"ಊರಾಗ ಎಲ್ಲಾರ್ದೂ ಚೀಲಾನೂ ತಗದಾರಲ್ರಿ ಅತ್ತಿ."

ಬಾಯಿ ತಪ್ಪಿ ಬಂದ ಮಾತಲ್ಲ ಅದು, ಬೇಕೆಂದೇ ಅಂದೆ. ಅವರು ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ನನಗ ಬಿಳೀದು ಹೋಗ್ತಿತ್ತು, ಅಷ್ಟ" ಎಂದರು ಆಮೇಲೆ. "ದವಾಖಾನಿಗೆ ಕರಕೊಂಡು ಹೋದ್ರು. ಸಹಿ ಮಾಡಿದಾಂವ ನಿಮ್ಮ ಮಾವ. ಎದ್ದು ನೋಡಿದ್ರ ಹೊಟ್ಟಿಗೆ ಪಟ್ಟಿ ಕಟ್ಟಿದ್ರು. ಯಾಕ ತಗದ್ರು ಅಂತ ಇವತ್ತಿಗೂ ನನಗ ಯಾರೂ ಹೇಳಿಲ್ಲ."

ಅವರಿಗೆ ಆಗ ಈಗಿನ ನನಗಿಂತ ಎಷ್ಟೋ ಕಡಿಮೆ ವಯಸ್ಸು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನೂ ಅವರನ್ನು ಕೇಳಿರಲಿಲ್ಲ. ಬಸ್ಸು ಹತ್ತಿಸುವಾಗ ಅವರ ರಟ್ಟೆ ಹಿಡಿದು ಎಳೆಯುತ್ತಾ, ಇಷ್ಟು ಬೇಗ ಯಾಕೆ ಸೊಂಟ ಹೋಯಿತೋ ಎಂದು ಗೊಣಗಿದ್ದೇನೆ. ಆ ಸಂಜೆ ಅವರ ಮೇಲೆ ನನಗಿದ್ದ ಸಿಟ್ಟು ಅರ್ಧಕ್ಕೆ ಇಳಿಯಿತು. ಉಳಿದರ್ಧ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಶುಕ್ರವಾರ ಕಾನಹೊಸಹಳ್ಳಿಯಲ್ಲಿ ಕಳಸವನ್ನು ನನ್ನ ಮಗಳು ಹೊತ್ತಳು. ಫೋನಿನಲ್ಲಿ ಚಿತ್ರ ಬಂತು. ಹಸಿರು ಲಂಗ, ತಲೆಯ ಮೇಲೆ ಸಿಂಬೆ, ಕಳಸದ ಬಾಯಲ್ಲಿ ವೀಳ್ಯದೆಲೆ, ನಾಚಿಕೆಯ ನಗು. ದವಾಖಾನೆಯ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದವಳು ಅದನ್ನು ನೋಡಿ ಹಿಗ್ಗಿದೆ. ಪಕ್ಕದ ಮಂಚದವಳಿಗೂ ತೋರಿಸಿದೆ.

ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಥೈರಾಯ್ಡ್ ಮಂದವಾಗಿತ್ತು, ಕೂದಲಿನ ಪ್ರಶ್ನೆ ಅದಕ್ಕೇ ಇರಬೇಕು. ಗಡ್ಡೆ ಇತ್ತು, ಆದರೆ ಶೇಂಗಾಕಾಳಿನಷ್ಟು, ಅದೂ ತೊಂದರೆ ಕೊಡದ ಜಾಗದಲ್ಲಿ. ಅದರ ಪಾಡಿಗೆ ಅದಿರಲಿ, ಆಗಾಗ ನೋಡೋಣ ಎಂದರು. ಆಪರೇಷನ್ ಬೇಡವೆಂದಾಯಿತು. ಸಿನಿಮಾದಲ್ಲಿ ತೋರಿಸುವ ಹಾಗೆ ಮರುತಿಂಗಳೇ ಎಲ್ಲ ಸರಿ ಹೋಗಲಿಲ್ಲ. ಹಬ್ಬದ ಗುಳಿಗಿ ಬಿಟ್ಟ ಮೇಲೆ ಒಂದು ಸಲ ಹಳೆಯ ಬಾಕಿಯನ್ನೆಲ್ಲ ತೀರಿಸುವ ಹಾಗೆ ಹೋಯಿತು, ಆಗ ಡಾಕ್ಟರಮ್ಮನೇ ಬರೆದುಕೊಟ್ಟ ಬೇರೆ ಗುಳಿಗೆಯನ್ನು ಅವರು ಹೇಳಿದ ರೀತಿಯಲ್ಲೇ ತೆಗೆದುಕೊಂಡೆ. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ. ನಿಧಾನಕ್ಕೆ, ಬಹಳ ನಿಧಾನಕ್ಕೆ, ಮುಟ್ಟಿಗೆ ಒಂದು ದಾರಿ ಸಿಕ್ಕಿತು. ತಲೆ ಬಾಚುವಾಗ ಕೈ ಮೇಲಕ್ಕೆ ಏಳತೊಡಗಿತು. ಬಸ್ಸಿನ ಹೆಂಗಸರಿಗೆ ಮಾತ್ರ ಸಮಾಧಾನವಿಲ್ಲ. "ಇನ್ನಾ ತಗಸಿಲ್ಲೇನು?" ಎಂದು ಈಗಲೂ ಕೇಳುತ್ತಾರೆ.

ಅವರಲ್ಲಿ ಒಬ್ಬ ಅಜ್ಜಿ, ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ತನಗೆ ಮತ್ತೆ ಕಾಣಿಸಿಕೊಂಡಿದೆ ಎಂದು ನಗುತ್ತಾ ಹೇಳಿದಳು, ಹರೆಯ ತಿರುಗಿ ಬಂದಿದೆ ಎಂಬ ಚೇಷ್ಟೆಯಲ್ಲಿ. ಬಸ್ಸೆಲ್ಲ ನಕ್ಕಿತು. ನಿಂತ ಮೇಲೆ ಒಂದು ಹನಿ ಕಂಡರೂ ಬರಬೇಕು ಎಂದು ಡಾಕ್ಟರಮ್ಮ ಹೇಳಿದ್ದು ನನ್ನ ಕಿವಿಯಲ್ಲಿತ್ತು. ಹರಪನಹಳ್ಳಿಯಲ್ಲಿ ಇಳಿಸಿ, ಕೈಹಿಡಿದು ದವಾಖಾನೆಯ ಬಾಗಿಲಿಗೆ ಬಿಟ್ಟು ಬಂದೆ. ಆಮೇಲೆ ಏನಾಯಿತೋ ಗೊತ್ತಿಲ್ಲ, ಅವಳು ನನ್ನ ಬಸ್ಸಿಗೆ ಮತ್ತೆ ಸಿಕ್ಕಿಲ್ಲ.

ಅಷ್ಟರಲ್ಲಿ ಕಳಸ ಪೂರ್ತಿಯಾಗಿ ಮಗಳದ್ದಾಗಿಹೋಯಿತು. ನನಗೆ ಆರಾಮಾಗಿತ್ತು. ಬಳಗದವರು ಬಾಯಿ ತುಂಬಾ ಹೊಗಳುತ್ತಿದ್ದರು. ಹುಡುಗಿ ಒಂದು ಕಾರ್ಯವನ್ನೂ ತಪ್ಪಿಸುವುದಿಲ್ಲ, ಥೇಟ್ ಅಜ್ಜಿ ಎನ್ನುತ್ತಿದ್ದರು. ಈ ವರ್ಷ ಅವಳ ಕಾಲೇಜಿನಲ್ಲಿ ಆರೋಗ್ಯ ಶಿಬಿರ ಮಾಡಿ ರಕ್ತ ನೋಡಿದರು. ಕಡಿಮೆ ಇದೆ ಎಂದರು. ಸರಿಯಾಗಿ ಉಣ್ಣುವುದಿಲ್ಲ ಎಂದು ನಾನು ಬಯ್ದೆ. ತಿಂಗಳದ್ದು ಹಿಂದೆ ಮುಂದೆ ಆಗುತ್ತಿದೆ ಎಂದು ಅವಳು ಒಮ್ಮೆ ಹೇಳಿದ್ದಳು. "ಹರೇದ ಹುಡುಗೇರಿಗೆ ಹಂಗs ಆಕೈತಿ" ಎಂದರು ಅತ್ತೆ. ಅದೂ ನಿಜವೇ ಎಂದುಕೊಂಡೆ. ಆ ವಯಸ್ಸಿನಲ್ಲಿ ಹಾಗಾಗುತ್ತದೆ ಎಂದು ನಾನೂ ಕೇಳಿದ್ದೆ.

ಮೊನ್ನೆ ಹಡಗಲಿಯಲ್ಲಿ ನಾದಿನಿಯ ಮನೆಯ ಕಾರ್ಯ ಗೊತ್ತಾಯಿತು. ಪಾಳಿ ಮುಗಿಸಿ ಬಂದು ಕೋಟು ಗೂಟಕ್ಕೆ ಹಾಕುತ್ತಿದ್ದೆ. ಅತ್ತೆ ಪೇಟೆಯಿಂದ ಬಂದವರು ಕೈಚೀಲವನ್ನು ಪಡಸಾಲೆಯಲ್ಲಿ ಸುರಿದರು. ಕಾಯಿ ಉರುಳಿದವು, ಎಲೆಯ ಕಟ್ಟು, ಕರ್ಪೂರ, ಊದಿನಕಡ್ಡಿ. ಮಗಳು ಕೂತು ಎಲೆಗಳನ್ನು ಒರೆಸಿ ಜೋಡಿಸತೊಡಗಿದಳು. ಕರ್ಪೂರದ ಡಬ್ಬಿಯ ಹಿಂದೆ ಕಾಗದದಲ್ಲಿ ಸುತ್ತಿದ ಹಬ್ಬದ ಗುಳಿಗಿಯ ಹಾಳೆ.

"ನನಗ ಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕ್ರಿ ಅತ್ತಿ?"

"ನಿನಗ ಯಾರು ತಂದಾರ?" ಎಂದರು ಅವರು, ಕಾಯಿಯ ಜುಟ್ಟು ನೋಡುತ್ತಾ. "ಕಳಸ ಹೊರಾಕಿ ಆಕಿ."

ನಾನು ಮಗಳ ಕಡೆ ನೋಡಿದೆ. ಅವಳು ತಲೆ ಎತ್ತದೆ ಎಲೆಯ ತೊಟ್ಟು ಮುರಿಯುತ್ತಿದ್ದಳು.

"ಯಾವಾಗಿಂದ ತಗೊಂತಿದ್ದಿ?"

"ನೀ ಬಿಟ್ಟಾಗಿಂದ" ಎಂದಳು.

ಕೂಗಾಡಬೇಕು ಎನ್ನಿಸಿತು. ಆಗಲಿಲ್ಲ. ಹಳೆಯ ಸುಸ್ತು ಒಮ್ಮೆಗೇ ತಿರುಗಿ ಬಂದು ಮೈಯಲ್ಲಿ ಕೂತಿತು. ಬಗ್ಗಿ ಆ ಹಾಳೆಯನ್ನು ಎತ್ತಿಕೊಂಡು ನನ್ನ ಡ್ಯೂಟಿ ಬ್ಯಾಗಿಗೆ ಹಾಕಿದೆ. ಅತ್ತೆ ನೋಡುತ್ತಿದ್ದರು.

"ನಾಳಿ ನನ್ನ ಬಸ್ಸಿಗೆ ಬಾ" ಎಂದೆ ಮಗಳಿಗೆ. "ಹರಪನಹಳ್ಳಿಯಾಗ ಡಾಕ್ಟ್ರಮ್ಮಗ ತೋರಿಸ್ಕೊಂಡು ಬರೂಣು."

"ಯಾಕ? ನಮ್ಮ ಕಾಲೇಜಿಗೇ ಬಂದು ನೋಡ್ಯಾರಲ್ಲ."

"ಅವರು ಔಷಧಿ ಏನರ ತಗೊಂತಿಯೇನು ಅಂತ ಕೇಳಿದ್ರೇನು?"

"ಕೇಳಿದ್ರು."

"ಏನಂದಿ?"

ಅವಳು ಈಗ ತಲೆ ಎತ್ತಿದಳು. ಇದೆಂಥ ಪ್ರಶ್ನೆ ಎಂಬ ಮುಖ.

"ಇಲ್ಲ ಅಂದೆ. ನಾನ್ಯಾವ ಔಷಧಿ ತಗೊಂತೀನವ್ವಾ?"